ಮೀನಿನ ಪೆಟ್ಟಿಗೆಯಲ್ಲಿ ಬಂದ ಹಿಮ

ಮೂವತ್ತೊಂಬತ್ತನೇ ದಿನ, ಬೆಳಿಗ್ಗೆ

ಕುವೈತಿನಲ್ಲಿ ಹಿಮ ಬೀಳುತ್ತಿದೆ ಎಂಬ ಸುದ್ದಿ ಬಂದಾಗ ನಾನು ಬೆಳ್ಳುಳ್ಳಿ ಲೇಹ್ಯ ಮಗುಚುತ್ತಿದ್ದೆ. ಲೇಹ್ಯ ಮಾಡಿದವರಿಗೆ ಗೊತ್ತು, ಬೆಲ್ಲದ ಪಾಕಕ್ಕೆ ತೆಂಗಿನ ಹಾಲು ಬಿದ್ದ ಮೇಲೆ ಸೌಟು ನಿಲ್ಲಬಾರದು. ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದದ್ದನ್ನು ಬಾಣಂತಿಗೆ ಕೊಡುವ ಹಾಗಿಲ್ಲ. ಹಾಗಾಗಿ ಬಾಗಿಲು ದಬದಬ ಬಡಿದಾಗ ನಾನು ಅಲ್ಲಾಡಲಿಲ್ಲ. ಅಳಿಯ ಇಕ್ಬಾಲ್ ಬಾಗಿಲು ತೆಗೆದ. ಎದುರಿನ ಫ್ಲ್ಯಾಟಿನ ಸುಮಾಳ ಮಗಳು, ಎಂಟು ವರ್ಷದ ಅನು, ಚಪ್ಪಲಿಯೂ ಇಲ್ಲದೆ ಅಡಿಗೆಮನೆಗೇ ಓಡಿ ಬಂದಳು.

"ಅಜ್ಜೀ, ಇಟ್ಸ್ ಸ್ನೋಯಿಂಗ್."

ಈ ಮಗುವಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲೇ ಹೇಳಿದೆ: "ಮೊದಲು ಬಾಗಿಲು ಹಾಕು, ಗಾಳಿ ಬರ್ತದೆ." ಹಿಮದ ಬಗ್ಗೆ ನಾನು ಆಡಿದ ಮೊದಲ ಮಾತು ಇದೇ.

ಅವತ್ತು ಶುಕ್ರವಾರ. ಇಕ್ಬಾಲ್ ಸಬ್ಹಾನಿನಲ್ಲಿ ಒಂದು ಗೋದಾಮಿನ ಲೆಕ್ಕ ನೋಡಿಕೊಳ್ಳುವವನು. ಶುಕ್ರವಾರ, ಶನಿವಾರ ಅವನಿಗೆ ರಜೆ. ಜುಮಾ ನಮಾಜಿಗೆಂದು ಮಿಂದು ಕುರ್‌ಆನ್ ಓದುತ್ತಿದ್ದವನು ಬಾಲ್ಕನಿಗೆ ಹೋಗಿ ಅಲ್ಲಿಂದಲೇ ಕರೆದ, ಮಾಮಿ, ಬನ್ನಿ, ಬೇಗ ಬನ್ನಿ ಎಂದು. ನಾನು ಬಂದರೆ ಸೌಟು ಯಾರು ಹಿಡಿಯುತ್ತಾರೆ ಎಂದೆ. ಅವನೇ ಅಂಗೈಯಲ್ಲಿ ಏನೋ ಮುಚ್ಚಿಕೊಂಡು ಬಂದ. ಒಲೆಯ ಹತ್ತಿರ ಕೈ ಬಿಚ್ಚಿದಾಗ ಬರೀ ನೀರಿತ್ತು. ಸಾಬಕ್ಕಿಯಷ್ಟು ದೊಡ್ಡದಿತ್ತು ಮಾಮಿ, ಮೂರು ಕಾಳು ಹಿಡಿದಿದ್ದೆ ಎಂದು ಆಣೆ ಹಾಕುವವನ ಹಾಗೆ ಹೇಳಿದ.

ಆಗ ಕೋಣೆಯೊಳಗಿಂದ ನನ್ನ ಮಗಳು ಸಫಿಯಾ ಕರೆದಳು.

"ಉಮ್ಮ, ಆ ಕಂಬಳಿ ಸ್ವಲ್ಪ ಸರಿಸಿ. ನಾನೂ ನೋಡ್ತೇನೆ."

ನಮ್ಮ ಮನೆಮಾತು ಬ್ಯಾರಿ, ತಾಯಿಗೆ ಉಮ್ಮ, ಮಗಳಿಗೆ ಮೋಳೆ, ಮಗನಿಗೆ ಮೋನೆ ಎನ್ನುವ ಮಾತು. ಅವಳು ಕೇಳಿದ್ದೂ ಬ್ಯಾರಿಯಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಂಬಳಿ ಎಂದರೆ ಅವಳ ಕೋಣೆಯ ಕಿಟಕಿಗೆ ನಾನೇ ಮೊಳೆ ಹೊಡೆಸಿ ಕಟ್ಟಿದ ದಪ್ಪ ಕಂಬಳಿ. ಗಲ್ಫಿನಿಂದ ನಮ್ಮ ಕಡೆಯ ಎಲ್ಲ ಮನೆಗಳಿಗೂ ಬರುತ್ತದಲ್ಲ, ದೊಡ್ಡ ಹುಲಿಯ ಚಿತ್ರದ್ದು, ಅದೇ. ಹೆರಿಗೆಯಾದವಳಿಗೆ ನಲವತ್ತು ದಿನ ತಂಡಿ ಗಾಳಿ ಸೋಕಬಾರದು. ನನ್ನ ಉಮ್ಮ ನನ್ನನ್ನು ಹಾಗೇ ಕಾಪಾಡಿದ್ದು, ನಾನು ಹಿರಿಯ ಸೊಸೆಯನ್ನು ಹಾಗೇ ಕಾಪಾಡಿದ್ದು. ಮೂವತ್ತೊಂಬತ್ತು ದಿನ ಗಟ್ಟಿಯಾಗಿ ನಡೆಸಿದ್ದನ್ನು ಕೊನೆಯ ದಿನ ಸಡಿಲ ಮಾಡುವ ಹೆಂಗಸು ನಾನಲ್ಲ.

"ಇನ್ನೊಂದು ದಿನ ತಡಿ ಮೋಳೆ," ಎಂದೆ. "ನಾಳೆ ನಲವತ್ತು. ನಾಳೆ ಆಕಾಶ ಪೂರ್ತಿ ನೋಡು."

ಲೇಹ್ಯ ಅಂಚು ಬಿಟ್ಟು ಉಂಡೆ ಕಟ್ಟಿತು. ಒಲೆ ಆರಿಸಿ, ಕೈ ತೊಳೆದು, ತಲೆಗೆ ಶಾಲು ಹಾಕಿ ಬಾಲ್ಕನಿಗೆ ಹೋದೆ. ಒದ್ದೆ ನೆಲ ಮತ್ತು ಇಕ್ಬಾಲನ ಒದ್ದೆ ಚಪ್ಪಲಿ ಮಾತ್ರ ಇತ್ತು. ಆಕಾಶ ಖಲಾಸ್ ಎಂದು ಕೈ ಒರೆಸಿಕೊಂಡಿತ್ತು.

ಒಳಗೆ ಬಂದು ನೋಡಿದರೆ ಸಫಿಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆಗ ನನಗೆ ಒಂದು ವಿಷಯ ಹೊಳೆಯಿತು. ಮೂರು ವಾರಗಳಲ್ಲಿ ಆ ಹುಡುಗಿ ನನ್ನಲ್ಲಿ ಒಂದೇ ಒಂದನ್ನು ಕೇಳಿದ್ದು, ಅದನ್ನು ನಾನು ಇಲ್ಲ ಎಂದಿದ್ದೆ.

ನಾನು ಬಂದ ದಿನ

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ವಿಟ್ಲದ ಹತ್ತಿರದ ನಮ್ಮ ಮನೆಯಿಂದ ನಾನು ವಿದೇಶಕ್ಕೆ ಹೊರಟದ್ದು ಅದೇ ಮೊದಲು. ಹೆರಿಗೆಗೆ ಒಂದು ವಾರ ಮೊದಲು ಕುವೈತಿನಲ್ಲಿ ಇಳಿದೆ. ಆಮೇಲೆ ನಮ್ಮೂರಿಗೆ ಮರಳಿದಾಗ ಎಲ್ಲರೂ ವಿಮಾನದಲ್ಲಿ ಹೆದರಿಕೆ ಆಯಿತಾ ಎಂದು ಕೇಳಿದರು. ವಿಮಾನದಲ್ಲಿ ಏನೂ ಆಗಲಿಲ್ಲ. ಕಿಟಕಿಯ ಹತ್ತಿರ ಸೀಟು, ಪಕ್ಕದಲ್ಲಿ ಗೊರಕೆ ಹೊಡೆಯದ ಹೆಂಗಸು, ಎರಡೂ ಪಡೆದವನ, ಅಂದರೆ ಅಲ್ಲಾಹನ ದಯೆ. ಫಜೀತಿಯಾದದ್ದು ಇಳಿದ ಮೇಲೆ.

ನನ್ನ ಪೆಟ್ಟಿಗೆಯಲ್ಲಿ ಒಂದು ದಿಂಬಿನ ಚೀಲದ ತುಂಬ ಒಣಗಿಸಿದ ನೆಕ್ಕಿ ಸೊಪ್ಪಿತ್ತು. ಬಾಣಂತಿಯ ಸ್ನಾನದ ನೀರಿಗೆ ಅದು ಬೇಕೇ ಬೇಕು. ಘಟ್ಟದ ಮೇಲಿನವರು ಲಕ್ಕಿ ಸೊಪ್ಪು ಎನ್ನುತ್ತಾರೆ. ವಿಮಾನ ನಿಲ್ದಾಣದ ಅಧಿಕಾರಿ ಚಿಕ್ಕ ಪ್ರಾಯದವನು, ಚೀಲ ಬಿಚ್ಚಿ ಮೂಸಿ ನೋಡಿ ಮುಖ ಗಂಟು ಹಾಕಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಇಬ್ಬರೂ ನನ್ನನ್ನು ನೋಡಿದರು. ನನಗೆ ಹಿಂದಿ ಹರಕು, ಇಂಗ್ಲಿಷ್ ಅದಕ್ಕಿಂತ ಹರಕು, ಅರಬಿ ಓದಲು ಬರುತ್ತದೆ, ಮಾತಾಡಲು ಬಾರದು. ಆದರೆ ತಪ್ಪು ಮಾಡದವಳಿಗೆ ನಾಚಿಕೆ ಯಾಕೆ? ಅಲ್ಲೇ ನಿಂತು ಮಗುವನ್ನು ತೊಟ್ಟಿಲಲ್ಲಿ ತೂಗಿದ ಹಾಗೆ ಮಾಡಿದೆ, ಹೊಟ್ಟೆ ತೋರಿಸಿದೆ, ಚೊಂಬಿನಿಂದ ತಲೆಗೆ ನೀರು ಹೊಯ್ದುಕೊಂಡ ಹಾಗೆ ಮಾಡಿದೆ. ಹಿಂದಿನ ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಡೆಗೆ ಅವರಲ್ಲಿ ಪ್ರಾಯವಾದವನೊಬ್ಬ ಬಂದು ನೋಡಿ, ಅವನ ತಾಯಿಯ ನೆನಪಾಯಿತೋ ಏನೋ, ಯಲ್ಲಾ ಎಂದು ಕೈ ಬೀಸಿ ಕಳಿಸಿದ. ಸೊಪ್ಪು ಒಂದು ಎಲೆಯೂ ಕಡಿಮೆಯಾಗದೆ ಮನೆ ಸೇರಿತು.

ಕುವೈತ್ ಎಂದರೆ ಉರಿಬಿಸಿಲು ಎಂದೇ ನಾನು ಹತ್ತಿ ಬಟ್ಟೆ ತುಂಬಿಕೊಂಡು ಬಂದಿದ್ದೆ. ಅಲ್ಲಿ ನೋಡಿದರೆ ಚಳಿಗಾಲ. ನಮ್ಮೂರಲ್ಲಿ ಚಳಿ ಎಂದರೆ ಡಿಸೆಂಬರಿನಲ್ಲಿ ಎರಡು ಮೂರು ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವುದು, ಮಸೀದಿಗೆ ಹೋಗುವ ಮುದುಕರು ಕಿವಿಗೆ ಬೈರಾಸು ಸುತ್ತಿಕೊಳ್ಳುವುದು, ಅಷ್ಟೇ. ಕುವೈತಿನಲ್ಲಿ ನಾನು ತಂದ ಎಣ್ಣೆ ಮೊದಲ ದಿನ ಗಟ್ಟಿಯಾದದ್ದು ಮತ್ತೆ ಕರಗಲೇ ಇಲ್ಲ. ಮಗುವಿಗೆ ಹಚ್ಚಬೇಕಾದರೆ ಬಾಟಲಿಯನ್ನು ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಇಟ್ಟು ಕಾಯಬೇಕು. ಅದೇ ಊರಿನಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಕುದಿಯುವ ನೀರು ಬರುತ್ತದಂತೆ, ಗೀಸರ್ ಆರಿಸಿಟ್ಟು ಅದರೊಳಗೆ ತಣಿದ ನೀರಿನಲ್ಲಿ ಮೀಯುತ್ತಾರಂತೆ. ಇಕ್ಬಾಲ್ ಹೇಳಿದಾಗ ತಮಾಷೆ ಎಂದುಕೊಂಡೆ. ಎದುರಿನ ಸುಮಾಳೂ ಹೌದು ಎಂದಳು.

ಸುಮಾ ಹಾಸನದ ಕಡೆಯವಳು. ಗಂಡ ಎಂಜಿನಿಯರ್, ಅವಳು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮೊದಲ ದಿನವೇ ಬಿಸಿ ಬಿಸಿ ಅಕ್ಕಿ ರೊಟ್ಟಿ ತಂದುಕೊಟ್ಟು, ಹೆಂಗಿದೀರಾ ಆಂಟಿ ಎಂದು ಸೋಫಾದಲ್ಲಿ ಕೂತವಳು. ಊರು ಬಿಟ್ಟ ಮೇಲೆ ಕನ್ನಡ ಕಿವಿಗೆ ಬಿದ್ದರೆ ಜಾತಿ ಧರ್ಮ ಆಮೇಲೆ ನೆನಪಾಗುತ್ತದೆ. ನಾಲ್ಕನೇ ಮಹಡಿಯಲ್ಲಿ ಹೀಗೊಂದು ನೆರೆಮನೆ ಸಿಕ್ಕಿತಲ್ಲ, ಅದನ್ನೂ ನಾನು ಪಡೆದವನ ದಯೆಯ ಲೆಕ್ಕಕ್ಕೆ ಹಿಡಿದಿದ್ದೇನೆ.

ಹದಿನೆಂಟನೇ ದಿನದಿಂದ ಆಚೆಗೆ

ಹೆರಿಗೆ ಸುಖವಾಗಿ ಆಯಿತು, ಗಂಡುಮಗು, ಅಲ್‌ಹಮ್ದುಲಿಲ್ಲಾಹ್. ಮೊದಲ ಎರಡು ವಾರ ಎಲ್ಲ ಸರಿಯಿತ್ತು. ಹದಿನೆಂಟನೇ ದಿನದ ಹೊತ್ತಿಗೆ ಸಫಿಯಾಳ ಮಾತು ಕಡಿಮೆಯಾಯಿತು.

ಈ ಹುಡುಗಿ ಹೇಗಿದ್ದಳು ಎಂದು ನಮ್ಮ ಊರಲ್ಲಿ ಕೇಳಬೇಕು. ಬಸ್ಸಿನಲ್ಲಿ ಕೂತರೆ ಇಳಿಯುವ ಮೊದಲು ಪಕ್ಕದವಳ ಮೂರು ತಲೆಮಾರು ತಿಳಿದುಕೊಳ್ಳುವವಳು. ಈಗ ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಮಗು ಅತ್ತರೆ ನಾನು ಅಡಿಗೆಮನೆಯಿಂದ ಓಡಿ ಬರುವವರೆಗೂ ಹಾಗೇ ಕೂತಿರುತ್ತಾಳೆ. ಎತ್ತಿ ಮಡಿಲಲ್ಲಿಟ್ಟರೆ ಹಾಲು ಕೊಡುತ್ತಾಳೆ, ಕೊಡುತ್ತ ಕಣ್ಣಲ್ಲಿ ನೀರು. ಯಾಕೆ ಎಂದರೆ ಗೊತ್ತಿಲ್ಲ ಎನ್ನುತ್ತಾಳೆ.

ನಾನು ಗಾಳಿ ಸೋಕಿದೆ ಎಂದೆ. ನಮ್ಮಲ್ಲಿ ಬಾಣಂತಿಗೆ ಏನಾದರೂ ಗಾಳಿಯೇ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದೆ, ಸಾಲದು ಎಂದು ಹುಲಿ ಕಂಬಳಿ ಕಟ್ಟಿಸಿದೆ. ಮಂತ್ರಿಸಿದ ನೀರು ಕುಡಿಸಿದೆ. ದಿನಾ ಸೂರ್ಯ ಮುಳುಗಿ ಮಗ್ರಿಬ್ ನಮಾಜ್ ಆದ ಮೇಲೆ ತಲೆಯ ಮೇಲೆ ಕೈಯಿಟ್ಟು ಓದಿ ಊದಿದೆ. ಓದಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇಂದಿಗೂ ಓದುತ್ತೇನೆ.

ಸುಮಾ ಒಂದು ಸಂಜೆ ನನ್ನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದಳು. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದೂ ಒಂದು ಕಾಯಿಲೆ, ನಮ್ಮ ಕ್ಲಿನಿಕ್ಕಿನಲ್ಲೇ ಒಬ್ಬ ಡಾಕ್ಟರಮ್ಮ ಇದ್ದಾರೆ, ತೋರಿಸೋಣ, ಆ ಕೋಣೆಗೆ ಒಂಚೂರು ಬೆಳಕು ಬರಲಿ ಆಂಟಿ, ಎಂದು. ನಾನು ನಾಲ್ಕು ಹೆತ್ತವಳು. ನಲವತ್ತು ಕಳೆಯಲಿ, ಮಿಂದರೆ ಎಲ್ಲ ಸರಿಯಾಗುತ್ತದೆ ಎಂದು ನಗುತ್ತಲೇ ಬಾಗಿಲು ಹಾಕಿದೆ. ಹೊರಗೆ ಹಾಗೆ ಹೇಳಿದರೂ ಒಳಗೊಳಗೆ ದಿನ ಎಣಿಸುತ್ತಿದ್ದೆ. ನನ್ನ ವೀಸಾ ಮುಗಿಯುತ್ತಿತ್ತು. ನಲವತ್ತೆರಡನೇ ದಿನಕ್ಕೆ ಟಿಕೇಟು. ಇವಳನ್ನು ಹೀಗೆ ಗೋಡೆ ನೋಡಿಕೊಂಡು ಮಲಗಿದ ಹಾಗೆಯೇ ಬಿಟ್ಟು ವಿಮಾನ ಹತ್ತುವುದು ಹೇಗೆ? ಇಕ್ಬಾಲ್ ಬೆಳಿಗ್ಗೆ ಹೋದರೆ ಸಂಜೆ ಬರುವವನು. ನಡುವಿನ ಹೊತ್ತಿನಲ್ಲಿ ಮಗು ಅತ್ತರೆ ಯಾರು ಓಡಿ ಬರುತ್ತಾರೆ?

ಮೂವತ್ತೊಂಬತ್ತನೇ ದಿನ, ಜುಮಾ ಆದ ಮೇಲೆ

ಜುಮಾ ಮುಗಿಸಿ ಇಕ್ಬಾಲ್ ಬಿಸಿ ಖುಬ್ಬೂಸ್ ರೊಟ್ಟಿಯ ಜೊತೆ ಒಂದು ಗಂಟು ಸುದ್ದಿಯನ್ನೂ ತಂದ. ಮಸೀದಿಯ ಅಂಗಳದಲ್ಲಿ ಎಲ್ಲರದೂ ಚಳಿಯ ಮಾತೇ ಅಂತೆ. ಕೇರಳದವನೊಬ್ಬ ಇದು ಹಿಮವೇ ಎಂದನಂತೆ, ಪಾಕಿಸ್ತಾನದವನು ಆಲಿಕಲ್ಲು ಎಂದನಂತೆ. ನಮ್ಮ ಕಟ್ಟಡ ಕಾಯುವ ಈಜಿಪ್ಟಿನ ಮನುಷ್ಯ, ಹಾರಿಸ್ ಎನ್ನುತ್ತಾರೆ, ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದು ಎರಡು ಕೋಟು ಒಂದರ ಮೇಲೊಂದು ಹಾಕಿಕೊಂಡು ನಿಂತಿದ್ದನಂತೆ. ರೊಟ್ಟಿ ಸುಡುವ ಇರಾನಿ ಮಾತ್ರ ಬನಿಯನ್ನಿನಲ್ಲಿದ್ದನಂತೆ. ನಮ್ಮ ಇರಾನಿನಲ್ಲಿ ಹಿಮ ಬಿದ್ದರೆ ಮಾಡಿನಿಂದ ಸಲಿಕೆಯಲ್ಲಿ ಎಳೆಯಬೇಕು, ಇದನ್ನು ನಾವು ಉಪ್ಪು ಎನ್ನುತ್ತೇವೆ ಎಂದು ಎಲ್ಲರನ್ನೂ ಗೇಲಿ ಮಾಡುತ್ತಿದ್ದನಂತೆ. ತಂದೂರಿನ ಮುಂದೆ ನಿಂತವನಿಗೆ ಚಳಿಯ ಬಗ್ಗೆ ಮಾತಾಡುವುದು ಸುಲಭ.

ಇಕ್ಬಾಲ್ ಕೊನೆಗೆ ಹೇಳಿದ್ದು ನನ್ನ ಕಿವಿಗೆ ಅಂಟಿಕೊಂಡಿತು. ಇಲ್ಲಿ ಫಿಂಟಾಸಿನಲ್ಲಿ ಸಮುದ್ರದ ಗಾಳಿಗೆ ನಿಲ್ಲಲಿಲ್ಲ, ವಫ್ರಾ ಕಡೆಯ ಮರುಭೂಮಿಯಲ್ಲಿ ನೆಲವೆಲ್ಲ ಬೆಳ್ಳಗಾಗಿದೆಯಂತೆ, ಜನ ಕಾರು ಕಟ್ಟಿಕೊಂಡು ಹೋಗುತ್ತಿದ್ದಾರಂತೆ.

ಸಫಿಯಾಳಿಗೆ ಅನ್ನ ಕೊಟ್ಟೆ. ಎರಡು ತುತ್ತು ತಿಂದು ಬಟ್ಟಲು ಸರಿಸಿದಳು. ಲೇಹ್ಯ ಕೊಟ್ಟೆ. ಅಲ್ಲಿಡಿ ಎಂದಳು. ನಾನು ಮಧ್ಯಾಹ್ನದ ಳುಹರ್ ನಮಾಜಿಗೆ ನಿಂತೆ. ನಮಾಜಿನಲ್ಲಿ ಮನಸ್ಸು ಅಲ್ಲಿ ಇಲ್ಲಿ ಹೋಗಬಾರದು, ನನ್ನದು ಹೋಯಿತು, ಪಡೆದವನು ಕ್ಷಮಿಸಲಿ. ಸಲಾಂ ತಿರುಗಿಸಿ ಎದ್ದವಳೇ ಅಡಿಗೆಮನೆಗೆ ಹೋಗಿ ಇಕ್ಬಾಲ್ ಮೀನು ತರುವ ನೀಲಿ ಐಸ್ ಪೆಟ್ಟಿಗೆ ತೊಳೆದೆ. ಸೋಪು ಹಾಕಿ ಮೂರು ಸಲ. ಎದುರಿನ ಬಾಗಿಲು ತಟ್ಟಿದೆ.

"ಸುಮಾ, ವಫ್ರಾ ಎಷ್ಟು ದೂರ?"

ಅವಳು ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದಳು. "ಮುಕ್ಕಾಲು ಗಂಟೆ. ಯಾಕ್ ಆಂಟಿ, ಮೀನಿಗಾ?"

"ಹಿಮಕ್ಕೆ."

ಅವಳ ಗಂಡನಿಗೆ ಆ ದಿನ ಡ್ಯೂಟಿ. ಕಾರಿನ ಕೀಲಿಕೈ ಅವಳ ಹತ್ತಿರವೇ ಇತ್ತು. ಅನು ಆಗಲೇ ಶೂ ಹಾಕಿ ಆಗಿತ್ತು. ಹೆಂಡತಿ ಮಗುವನ್ನು ನೋಡಿಕೊಳ್ಳಲು ಇಕ್ಬಾಲನನ್ನು ಮನೆಯಲ್ಲಿ ಬಿಟ್ಟೆ. ಮಾಮಿ, ನಾನೇ ಹೋಗಿ ತರುತ್ತೇನೆ ಎಂದ. ಬೇಡ ಎಂದೆ. ಇಲ್ಲ ಎಂದವಳು ನಾನು, ತರಬೇಕಾದವಳೂ ನಾನೇ.

ವಫ್ರಾ ರಸ್ತೆ

ಹೆಂಗಸು ಕಾರು ಬಿಡುವಾಗ ಮುಂದಿನ ಸೀಟಿನಲ್ಲಿ ಕೂತದ್ದು ನನಗೆ ಅದೇ ಮೊದಲು. ಸುಮಾ ಚೆನ್ನಾಗಿ ಬಿಡುತ್ತಾಳೆ, ಬೈಯುವುದನ್ನೂ ಚೆನ್ನಾಗಿ ಬೈಯುತ್ತಾಳೆ. ನಮ್ಮನ್ನು ದಾಟಿ ಹೋದ ಪ್ರತಿ ದೊಡ್ಡ ಗಾಡಿಗೂ ಹಾಸನದ ಕನ್ನಡದಲ್ಲಿ ಆಶೀರ್ವಾದ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಅನು ಪೆಟ್ಟಿಗೆಯನ್ನು ತಬ್ಬಿಕೊಂಡು, ಇಟ್ ಸ್ಟಿಲ್ ಸ್ಮೆಲ್ಸ್ ಆಫ್ ಫಿಶ್ ಎಂದು ನಿಮಿಷಕ್ಕೊಮ್ಮೆ ಹೇಳುತ್ತಿದ್ದಳು. ಮೀನಿನ ವಾಸನೆ ಇಲ್ಲದ ಪೆಟ್ಟಿಗೆ ಬ್ಯಾರಿಗಳ ಮನೆಯಲ್ಲಿ ಎಲ್ಲಿರುತ್ತದೆ?

ಮೊದಲು ಬರೀ ಕಂದು ಮರಳು. ಕರಗಿ ಹೋಗಿದ್ದರೆ ಎಂದು ಕಿಟಕಿಗೆ ಮುಖ ಒತ್ತಿ ಕೂತೆ. ಆಮೇಲೆ ದೂರದಲ್ಲಿ ಯಾರೋ ರವೆ ಚೆಲ್ಲಿದ ಹಾಗೆ ಕಾಣಿಸಿತು. ಹತ್ತಿರವಾದಂತೆ ರವೆ ಹಾಸಾಯಿತು. ರಸ್ತೆಯ ಎರಡೂ ಬದಿಗೆ, ಕಣ್ಣು ಹೋಗುವವರೆಗೆ, ಮರಳಿನ ದಿಣ್ಣೆಗಳ ನೆತ್ತಿಯ ಮೇಲೆಲ್ಲ ಬಿಳಿ. ಒಂಟೆಗಳು ಕಾಲೆತ್ತಿ ಕಾಲೆತ್ತಿ ಇಡುತ್ತಿದ್ದವು, ಹೊಸದಾಗಿ ಸಗಣಿ ಸಾರಿಸಿದ ಅಂಗಳಕ್ಕೆ ಕೋಳಿ ಇಳಿದ ಹಾಗೆ.

ಕಾರಿನಿಂದ ಇಳಿದು ಕೈ ಹಾಕಿದೆ. ಮೇಲೆ ಕಾಳು ಕಾಳು, ಕೆಳಗೆ ಮೆತ್ತಗೆ. ಹಿಮವೋ ಆಲಿಕಲ್ಲೋ ಎಂದು ಮಸೀದಿಯಲ್ಲಿ ಜಗಳ ಮಾಡಿದವರು ಇಬ್ಬರೂ ಸರಿ ಎಂದು ನನಗೆ ಕಂಡಿತು. ನಮ್ಮಲ್ಲಿ ತೀರಿಕೊಂಡವರಿಗಾಗಿ ಮಾಡುವ ಒಂದು ಪ್ರಾರ್ಥನೆಯಿದೆ. ಇವರ ಪಾಪಗಳನ್ನು ನೀರಿನಿಂದ, ಹಿಮದಿಂದ, ಆಲಿಕಲ್ಲಿನಿಂದ ತೊಳೆ ಎಂದು ಅದರಲ್ಲಿ ಬರುತ್ತದೆ. ಮದ್ರಸದಲ್ಲಿ ಕಲಿತದ್ದು, ನನ್ನ ಉಮ್ಮ ತೀರಿಕೊಂಡ ದಿನ ಹೇಳಿದ್ದು. ನೀರು ಗೊತ್ತು. ಆಲಿಕಲ್ಲನ್ನು ಒಮ್ಮೆ ಬೇಸಿಗೆ ಮಳೆಯಲ್ಲಿ ಅಂಗಳದಿಂದ ಹೆಕ್ಕಿದ್ದೆ. ಹಿಮ ಮಾತ್ರ ಐವತ್ತು ವರ್ಷ ಬರೀ ಬಾಯಿಪಾಠವಾಗಿತ್ತು. ಈಗ ಅಂಗೈಯಲ್ಲಿತ್ತು.

ಸ್ವಲ್ಪ ಆಚೆ ಒಂದು ಕುವೈತಿ ಕುಟುಂಬದ ಡೇರೆಯಿತ್ತು. ಚಳಿಗಾಲದಲ್ಲಿ ಇವರು ಒಳ್ಳೆಯ ಮನೆಗಳನ್ನು ಬಿಟ್ಟು ಮರುಭೂಮಿಯಲ್ಲಿ ಡೇರೆ ಹಾಕಿ ಕೂರುತ್ತಾರೆ, ಅದೇ ಅವರಿಗೆ ಸಂತೋಷ. ಗಂಡಸರು ಬೆಂಕಿಯ ಸುತ್ತ ಇದ್ದರು. ನನ್ನ ಪ್ರಾಯದ ಒಬ್ಬ ಹೆಂಗಸು, ಕಪ್ಪು ಅಬಾಯದ ಮೇಲೆ ಕುರಿ ಉಣ್ಣೆಯ ಕೋಟು ಹಾಕಿದವಳು, ನಾನು ಪೆಟ್ಟಿಗೆಗೆ ಹಿಮ ತುಂಬುವುದನ್ನು ನೋಡಿ ಹತ್ತಿರ ಬಂದು ಏನೋ ಕೇಳಿದಳು. ಅವಳ ಅರಬಿ ಮನೆಯದ್ದು, ನನ್ನದು ಓದಿನದ್ದು. ಮದ್ರಸದಲ್ಲಿ ಕಲಿತ ಮೂರು ಶಬ್ದ ಜೋಡಿಸಿದೆ: ಬಿಂತ್, ನಿಫಾಸ್, ಅರ್ಬಯೀನ್. ಮಗಳು, ಬಾಣಂತನ, ನಲವತ್ತು.

ಅವಳು ಹೋ ಎಂದು ನಕ್ಕು, ತೋಳು ಏರಿಸಿ, ನನಗಿಂತ ಜೋರಾಗಿ ಪೆಟ್ಟಿಗೆ ತುಂಬತೊಡಗಿದಳು. ಕೇಸರಿ ಹಾಕಿದ ಚಹಾ ತರಿಸಿ ಕೊಟ್ಟಳು. ಕ್ಲಿನಿಕ್ಕಿನಲ್ಲಿ ಅರಬಿ ಕಲಿತ ಸುಮಾ ನಡುವೆ ನಿಂತು ಎರಡೂ ಕಡೆ ದಾಟಿಸಿದಳು. ಈ ಹೆಂಗಸಿಗೆ ಏಳು ಮಕ್ಕಳಂತೆ. ಏಳು ಸಲವೂ ತಾಯಿಮನೆಯಲ್ಲಿ ನಲವತ್ತು ದಿನ ಕೂತವಳಂತೆ. ಅದು ಕೇಳಿ ನನಗೆ ಹೆಮ್ಮೆಯಾಯಿತು. ನೋಡು ಸುಮಾ, ಇವರಲ್ಲೂ ಉಂಟು ಎಂದೆ. ಆ ಹೆಂಗಸು ಇನ್ನೂ ಏನೋ ಹೇಳುತ್ತಿದ್ದಳು, ಎರಡೂ ಕೈಯಿಂದ ಜನ ಬರುವುದನ್ನು ತೋರಿಸುತ್ತ. ಸುಮಾ ಚಹಾದ ಲೋಟಕ್ಕೆ ಬಾಯಿಟ್ಟಳು.

"ಹೇಳು, ಏನಂತೆ?"

"ಅವರ ಹಾಸಿಗೆ ನಡುಮನೆಯಲ್ಲೇ ಹಾಕ್ತಿದ್ರಂತೆ ಆಂಟಿ. ನಲವತ್ತು ದಿನಾನೂ ಅಕ್ಕಪಕ್ಕದವರು ಬಂದು ಕೂತು ಮಾತಾಡ್ತಿದ್ರಂತೆ. ಅಷ್ಟು ಮಾತು ಯಾವ ಮದುವೆಯಲ್ಲೂ ಕೇಳಿಲ್ಲ ಅಂತಿದಾರೆ."

ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಗಿತ್ತು. ಆ ಹೆಂಗಸಿನ ಪಕ್ಕದಲ್ಲಿ, ಅವಳ ಚಾಪೆಯಲ್ಲೇ ನಮಾಜಿಗೆ ನಿಂತೆ. ಸುಜೂದಿಗೆ ಬಾಗಿದಾಗ ಚಾಪೆಯಡಿಯ ತಂಡಿ ಹಣೆಗೆ ತಾಗಿತು. ಆ ತಂಡಿಯಲ್ಲಿ ನನಗೆ ನನ್ನ ಬಾಣಂತನ ನೆನಪಾಯಿತು. ಕಿಟಕಿ ಮುಚ್ಚಿದ್ದರು, ನಿಜ. ಆದರೆ ಆ ಕೋಣೆಯಲ್ಲಿ ನಾನು ಒಬ್ಬಳೇ ಇದ್ದ ಹೊತ್ತು ಯಾವುದು? ನಾದಿನಿಯರು, ಅಜ್ಜಿಯಂದಿರು, ಬೀಡಿ ಕಟ್ಟುತ್ತ ಕೂರುವ ಪಕ್ಕದ ಮನೆಯವರು, ಬುಟ್ಟಿಯಲ್ಲಿ ಮೊಟ್ಟೆ ಹಿಡಿದು ಬರುವ ನೆಂಟರು. ನಾನು ಊರಿನಿಂದ ಸೊಪ್ಪು ತಂದೆ, ಕಟ್ಟುಪಾಡು ತಂದೆ. ಆ ಜನವನ್ನು ತರಲು ಆಗಲಿಲ್ಲ. ಬಾಗಿಲು ತಟ್ಟಿ ಬಂದ ಒಬ್ಬ ಸುಮಾಳನ್ನೂ ಹೊರಗೇ ನಿಲ್ಲಿಸಿದ್ದೆ.

ಹಿಂದಿರುಗುವಾಗ ದಾರಿಯಲ್ಲಿ ಅವಳಿಗೆ ಹೇಳಿದೆ, ಆ ಡಾಕ್ಟರಮ್ಮನ ಹತ್ತಿರ ಹೋಗುವ, ನಾನೂ ಬರುತ್ತೇನೆ ಎಂದು. ಅವಳು ರಸ್ತೆಯಿಂದ ಕಣ್ಣು ತೆಗೆಯದೆ, ಭಾನುವಾರ ಬೆಳಿಗ್ಗೆ ಕ್ಲಿನಿಕ್ ತೆಗೆದ ತಕ್ಷಣ ನಾನೇ ಕರ್ಕೊಂಡು ಹೋಗ್ತೀನಿ ಎಂದಳು. ನಾನು ಹೇಳಿದ್ದೆನಲ್ಲ ಎಂದು ಒಂದು ಮಾತು ಚುಚ್ಚಲಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿದೆ.

ಅದೇ ದಿನ, ಮಗ್ರಿಬಿಗೆ ಮೊದಲು

ಪೆಟ್ಟಿಗೆ ತೆರೆದಾಗ ಅರ್ಧ ನೀರಾಗಿತ್ತು, ಮೇಲೆ ಒಂದು ಮುದ್ದೆ ಹಿಮ ತೇಲುತ್ತಿತ್ತು, ಮರಳು ಸಮೇತ. ಮಗು ನಿದ್ದೆಯಲ್ಲಿತ್ತು. ಇಕ್ಬಾಲನನ್ನು ಹೊರಗೆ ಚಹಾ ಕುಡಿಯಲು ಕಳಿಸಿ ಪೆಟ್ಟಿಗೆಯನ್ನು ಸಫಿಯಾಳ ಮಂಚದ ಪಕ್ಕಕ್ಕೆ ಎಳೆದೆ.

ಅವಳು ಎದ್ದು ಕೂತು ನೋಡಿದಳು. ಆಮೇಲೆ ಕೇಳಿದಳು:

"ಬಂಗುಡೆ ಪೆಟ್ಟಿಗೆಯಲ್ಲಿ ತಂದದ್ದಾ ಉಮ್ಮ?"

"ಮೂರು ಸಲ ತೊಳೆದಿದ್ದೇನೆ."

ಅವಳ ತುಟಿಯ ಒಂದು ತುದಿ ಸ್ವಲ್ಪ ಅಲ್ಲಾಡಿತು. ಬಾಣಂತಿ ತಣ್ಣೀರು ಮುಟ್ಟಬಾರದು ಎಂದು ಮೂವತ್ತೊಂಬತ್ತು ದಿನ ಅವಳ ಬಾಯಿ ತೊಳೆಯಲೂ ಬಿಸಿನೀರು ಕೊಟ್ಟವಳು ನಾನು. ನಾನೇ ಅವಳ ಕೈ ಹಿಡಿದು ಆ ಮುದ್ದೆಯ ಮೇಲೆ ಇಟ್ಟೆ. ಅವಳು ಬೆರಳು ಊರಿದಳು, ತೆಗೆದಳು, ಮತ್ತೆ ಊರಿದಳು. ಹಾಗೆ ಹಿಮವನ್ನೇ ನೋಡುತ್ತ ಹೇಳಿದಳು:

"ಮಗು ಅತ್ತಾಗ ನನಗೆ ಏನೂ ಅನ್ನಿಸುವುದಿಲ್ಲ ಉಮ್ಮ. ಬೇರೆ ಯಾರದೋ ಮನೆಯ ಮಗು ಅತ್ತ ಹಾಗೆ. ನೀವು ಹೋದ ಮೇಲೆ ಅದು ಅಳುತ್ತಲೇ ಇದ್ದು ನಾನು ಕೂತೇ ಇದ್ದರೆ? ನನಗೆ ನನ್ನದೇ ಹೆದರಿಕೆ."

ಬೆಳಿಗ್ಗೆಯ ನಾನಾಗಿದ್ದರೆ ಛೆ, ಹಾಗೆಲ್ಲ ಹೇಳಬಾರದು, ಗಾಳಿ ಅದು ಎನ್ನುತ್ತಿದ್ದೆ. ಈಗ ಯಾರಿಗೂ ಹೇಳದ ಒಂದನ್ನು ಅವಳಿಗೆ ಹೇಳಿದೆ. ಅವಳ ಎರಡನೇ ಅಣ್ಣ ಹುಟ್ಟಿದ ಮೇಲೆ ನನಗೂ ಕೆಲವು ದಿನ ಹಾಗೇ ಆಗಿತ್ತು. ಮಗು ಅಳುತ್ತಿದ್ದರೆ ಮಾಡಿನ ಹಂಚು ಎಣಿಸುತ್ತ ಮಲಗಿರುತ್ತಿದ್ದೆ. ನಾನು ಕೆಟ್ಟ ತಾಯಿ ಎಂದುಕೊಂಡು ಬಾಯಿ ಮುಚ್ಚಿದ್ದೆ. ನನ್ನ ಸುತ್ತ ಜನವಿದ್ದರು, ಯಾರೋ ಒಬ್ಬರು ಎತ್ತಿಕೊಳ್ಳುತ್ತಿದ್ದರು, ದಿನ ಕಳೆಯಿತು.

ಅವಳು ನನ್ನನ್ನು ನೋಡಿದಳು. "ನೀವಾ?"

"ನಾನೇ. ಭಾನುವಾರ ಡಾಕ್ಟರ್ ಹತ್ತಿರ ಹೋಗುವ. ಸುಮಾ ಕರೆದುಕೊಂಡು ಹೋಗ್ತಾಳೆ. ನಾನು ಹೋದ ಮೇಲೂ ಈ ಬಾಗಿಲಿಗೆ ಚಿಲಕ ಹಾಕಬೇಡ, ಅವಳು ಬರ್ತಾಳೆ, ಅನು ಬರ್ತಾಳೆ. ಬಂದರೆ ಕೂರಿಸು."

ಅವಳು ಅತ್ತಳು. ಇದು ಬೇರೆ ಅಳು, ಸದ್ದಿರುವ ಅಳು. ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡು, ಕಿಟಕಿಯ ಕಡೆ ತೋರಿಸಿ ಹೇಳಿದಳು: "ಆ ಹುಲಿಯನ್ನು ನಾಳೆಯಾದರೂ ಇಳಿಸಿ ಉಮ್ಮ. ಮೂರು ವಾರ ಅದು ನನ್ನನ್ನು, ನಾನು ಅದನ್ನು ನೋಡಿದ್ದಾಯಿತು. ಅದಕ್ಕೂ ಸಾಕಾಗಿದೆ."

ನಾನು ನಾಳೆಗೆ ಕಾಯಲಿಲ್ಲ. ಮಂಚ ಹತ್ತಿ ಎರಡು ಮೊಳೆ ಕಿತ್ತೆ, ಮೂರನೆಯದನ್ನು ಅವಳೇ ಎಳೆದಳು. ಹೊರಗೆ ಸೂರ್ಯ ಮುಳುಗುತ್ತಿದ್ದ. ಹಿಮದ ಗುರುತೂ ಇರಲಿಲ್ಲ, ಎದುರು ಕಟ್ಟಡದ ನೀರಿನ ಟ್ಯಾಂಕುಗಳು ಕೆಂಪಗೆ ಹೊಳೆಯುತ್ತಿದ್ದವು. ಬರೀ ಟ್ಯಾಂಕುಗಳು. ಅವಳು ಅದನ್ನೇ ನೋಡುತ್ತ ನಿಂತಳು, ಬಾಂಗು ಆಗುವವರೆಗೆ.

ನಲವತ್ತನೇ ದಿನ

ಒಂದು ಪೆಟ್ಟಿಗೆ ಹಿಮದಿಂದ ನನ್ನ ಮಗಳು ಗುಣವಾದಳು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಡಾಕ್ಟರಮ್ಮ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿದರು, ತಿಂಗಳುಗಟ್ಟಲೆ ಹಿಡಿಯಿತು. ಸುಮಾ ಒಂದು ವಾರವೂ ತಪ್ಪಿಸಲಿಲ್ಲ. ಅದೆಲ್ಲ ಆಮೇಲಿನದು. ನಾನು ಹೇಳುತ್ತಿರುವುದು ನಲವತ್ತನೇ ದಿನದ ಬೆಳಗಿನ ಮಾತು.

ಪೆಟ್ಟಿಗೆಯ ಹಿಮ ರಾತ್ರಿಯಲ್ಲಿ ಪೂರ್ತಿ ಕರಗಿ, ಮರಳು ತಳಕ್ಕೆ ಕೂತಿತ್ತು. ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿದೆ. ನಾಲ್ಕು ಚೊಂಬು ಸಿಕ್ಕಿತು. ದೊಡ್ಡ ಪಾತ್ರೆಯಲ್ಲಿ ನೆಕ್ಕಿ ಸೊಪ್ಪು ಕುದಿಯುತ್ತಿತ್ತು, ಅದಕ್ಕೆ ಸೇರಿಸಿದೆ. ಬಿಸಿಯಾದ ಮೇಲೆ ಅದೂ ನೀರೇ, ತಂಡಿ ಎಲ್ಲಿಯದು? ನಲವತ್ತರ ಸ್ನಾನ ಹಾಗೆ ಆಯಿತು. ತಲೆಗೆ ಹೊಯ್ಯುವಾಗ ಸಫಿಯಾ ಮೂಗು ಸುಕ್ಕಿಸಿ ಬಂಗುಡೆ ವಾಸನೆ ಬರುತ್ತದೆ ಎಂದಳು. ಬರುತ್ತಿರಲಿಲ್ಲ. ಅದನ್ನು ಹೇಳಬೇಕೆಂದು ಅವಳಿಗೆ ಅನ್ನಿಸಿತಲ್ಲ, ನನಗೆ ಅಷ್ಟು ಸಾಕಿತ್ತು.

ಅವಳು ತಲೆ ಒಣಗಿಸಿಕೊಂಡು ಕಿಟಕಿಯ ಬಿಸಿಲಿಗೆ ಕೂತಳು. ನಾನು ಹುಲಿ ಕಂಬಳಿಯನ್ನು ಸ್ನಾನದ ತೊಟ್ಟಿಗೆ ಹಾಕಿ, ಸೋಪಿನ ಪುಡಿ ಸುರಿದು, ಸೀರೆ ಎತ್ತಿ ಕಟ್ಟಿ ತುಳಿಯತೊಡಗಿದೆ. ಮೂರು ವಾರದ ಧೂಳು, ನೀರು ಬೂದು ಬಣ್ಣವಾಯಿತು.

ಅಷ್ಟರಲ್ಲಿ ಮಗು ಅತ್ತಿತು. ಅಭ್ಯಾಸದ ಬಲ, ಒಂದು ಕಾಲು ತೊಟ್ಟಿಯಿಂದ ಹೊರಗಿಟ್ಟೇ ಬಿಟ್ಟೆ. ಮೊಣಕಾಲಿನವರೆಗೆ ನೊರೆ. ಕೈ ಗೋಡೆಗೆ ಊರಿ, ಕಿವಿ ಕೊಟ್ಟು ನಿಂತೆ. ಅಳು ಇನ್ನೂ ಸ್ವಲ್ಪ ಜೋರಾಯಿತು. ಆಮೇಲೆ ಮಂಚ ಕಿರ್ರೆಂದಿತು. ಆಮೇಲೆ ಸಫಿಯಾಳ ದನಿ, ಮೆಲ್ಲಗೆ, ಯಾರನ್ನೋ ಹೊಸದಾಗಿ ಪರಿಚಯ ಮಾಡಿಕೊಳ್ಳುವವಳ ಹಾಗೆ: "ಬಂದೆ ಮೋನೆ. ಬಂದೆ."

ನಾನು ಕಾಲನ್ನು ಒಳಗೆ ತೆಗೆದುಕೊಂಡೆ. ಹುಲಿಯ ಬಾಲದ ಹತ್ತಿರ ಇನ್ನೂ ಕೊಳೆಯಿತ್ತು, ಅದನ್ನು ತುಳಿದೆ.